ಬಸ್ಕಿಯನ್ನು ಶಿಕ್ಷೆಯಾಗಿಸಬೇಡಿ

ಇಂದು ಬೆಳಿಗ್ಗೆ ಮೊಮ್ಮಗಳನ್ನು ಶಾಲೆಗೆ ಬಿಡಲು ಹೋಗಿದ್ದೆ. ಗೇಟಿನ ಒಳಗೆ ನಾಲ್ಕು ಮಕ್ಕಳು ಬಸ್ಕಿ ಹೊಡೆಯುತ್ತಿದ್ದರು. ಎರಡನೆಯ ತರಗತಿಯವರಿರಬೇಕು. ಬೆನ್ನಿನ ಚೀಲವನ್ನೂ ಇಳಿಸಿರಲಿಲ್ಲ. ಕೂತಾಗ ಚೀಲದ ಭಾರ ಹಿಂದಕ್ಕೆಳೆದು, ಒಬ್ಬ ಹುಡುಗ ಎರಡು ಸಲ ನೆಲಕ್ಕೆ ಅಂಗೈ ಊರಿ ಎದ್ದ. ಮಾಡಿದ ತಪ್ಪು ತಡವಾಗಿ ಬಂದದ್ದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ವ್ಯಾನು ಸಿಕ್ಕಿಕೊಂಡರೆ ಏಳು ವರ್ಷದ ಮಗುವಿನ ತೊಡೆ ಏಕೆ ನಡುಗಬೇಕು?

ಮೂವತ್ತೊಂದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು ನಾನು, ನಿಮಗೆಲ್ಲ ಗೊತ್ತು. ಅದಕ್ಕೇ ಹೊಟ್ಟೆ ಉರಿಯಿತು. ಮಕ್ಕಳಿಗೆ ದೈಹಿಕ ದಂಡನೆ ಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಬೆತ್ತ ಮರೆಯಾಯಿತು, ಬಸ್ಕಿ ಉಳಿದುಕೊಂಡಿತು. ಅದು ವ್ಯಾಯಾಮ ತಾನೇ ಎಂಬ ಸಮಾಧಾನ. ನನಗೆ ಸಿಟ್ಟು ಬರುವುದೇ ಅಲ್ಲಿ. ಮೈ ದಣಿಸುವುದೆಂದರೆ ತಪ್ಪಿಗೆ ತೆರುವ ದಂಡ ಎಂದು ಮಗು ಬೆಳಿಗ್ಗೆ ಕಲಿತ ಮೇಲೆ, ಮಧ್ಯಾಹ್ನದ ಆಟದ ಪೀರಿಯಡ್‌ನಲ್ಲಿ ಅದೇ ಬಸ್ಕಿಯನ್ನು ಕಾಲಿಗೆ ಬಲ ಕೊಡುತ್ತದೆಂದು ಯಾವ ಬಾಯಲ್ಲಿ ಹೇಳಿಕೊಡುವುದು?

‘ನಾವೂ ಬಸ್ಕಿ ಹೊಡೆದೇ ದೊಡ್ಡವರಾದೆವು’ ಎನ್ನುವವರಿದ್ದೀರಿ. ಹೊಡೆದೆವು, ನಿಜ. ಆದರೆ ಸಂಜೆ ದೀಪ ಹಚ್ಚುವವರೆಗೆ ಬೀದಿಯಲ್ಲಿ ಲಗೋರಿಯನ್ನೂ ಆಡಿದೆವು. ಇಂದು ಆ ಬೀದಿಯ ತುಂಬ ಕಾರುಗಳು ನಿಂತಿವೆ. ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಈ ಊರಿನ ಎಷ್ಟೋ ಮಕ್ಕಳಿಗೆ ಓಡಲು ಉಳಿದಿರುವುದು ಶಾಲೆಯ ಅಂಗಳವೊಂದೇ. ಅಲ್ಲಿಯೂ ಹೆದರಿಸಿದರೆ ಅವರು ಎಲ್ಲಿಗೆ ಹೋಗಬೇಕು?

ಪುಟ್ಟ ಮಕ್ಕಳಿಗೆ ಕಲಿಸುವ ದಾರಿಯೇ ಬೇರೆ. ಶಾಲಾ ಮಕ್ಕಳ ದೇಹಕ್ಷಮತೆ ಅಳೆಯುವ ಕೇಂದ್ರ ಸರ್ಕಾರದ ಫಿಟ್ ಇಂಡಿಯಾ ಪರೀಕ್ಷೆಯಲ್ಲಿ 5ರಿಂದ 8 ವರ್ಷದವರಿಗೆ ಓಟವನ್ನೇ ಇಟ್ಟಿಲ್ಲ. ಎತ್ತರ, ತೂಕ ನೋಡಿ, ಒಂಟಿ ಕಾಲಲ್ಲಿ ನಿಲ್ಲಿಸುತ್ತಾರೆ, ಎರಡು ತಟ್ಟೆಗಳನ್ನು ಬೇಗ ಬೇಗ ಮುಟ್ಟಿಸುತ್ತಾರೆ, ಅಷ್ಟೇ. 600 ಮೀಟರ್ ಓಟ 9 ವರ್ಷದಿಂದ ಮೇಲಿನವರಿಗೆ. ಒಂಟಿ ಕಾಲಲ್ಲಿ ನಿಲ್ಲುವುದನ್ನು ಕಲಿಸಲು ಕುಂಟೆಬಿಲ್ಲೆಗಿಂತ ಒಳ್ಳೆಯ ಪಾಠ ಬೇಕೇ? ಒಂದು ಸೀಮೆಸುಣ್ಣ ಸಾಕು.

ಕಳೆದ ಭಾನುವಾರ ಮೊಮ್ಮಗಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿದ್ದೆ. ಬಂಡೆಯ ಕೆಳಗೆ ಅವಳ ಮಣಿಕಟ್ಟಿನ ಮೇಲೆ ಅವಳದೇ ಎರಡು ಬೆರಳು ಇಡಿಸಿ ನಾಡಿ ಎಣಿಸಲು ಹೇಳಿದೆ. 15 ಸೆಕೆಂಡಿಗೆ 23. ಬಂಡೆಯ ಮೇಲಿನ ಕೆಂಪೇಗೌಡರ ಗೋಪುರದವರೆಗೆ ಓಡಿ, ಏದುಸಿರು ಬಿಡುತ್ತಲೇ ಮತ್ತೆ ಎಣಿಸಿದಳು: 37. ‘ತಾತ, ಒಳಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ!’ ಎಂದು ಕಣ್ಣರಳಿಸಿದಳು. ಕಾಲಿಗೆ ಹೆಚ್ಚು ರಕ್ತ ಬೇಕಾಯಿತಲ್ಲ, ಅದಕ್ಕೇ ಹೃದಯ ಬೇಗ ಬೇಗ ಕೆಲಸ ಮಾಡುತ್ತಿದೆ ಎಂದೆ. ಕೆಳಗಿಳಿದವಳು ಇನ್ನೊಮ್ಮೆ ಓಡುತ್ತೇನೆಂದು ಹಟ ಹಿಡಿದಳು.

ಒಂದು ಮಾತು ಹೇಳಲೇಬೇಕು. ನಾನೂ ಈ ತಪ್ಪು ಮಾಡಿದ್ದೇನೆ. ಕ್ಯಾನ್ವಾಸ್ ಶೂ ಹಾಕಿಕೊಂಡು ಬರಲಿಲ್ಲವೆಂದು ಮೂರನೆಯ ತರಗತಿಯ ಹುಡುಗನೊಬ್ಬನನ್ನು ಮೈದಾನದ ಸುತ್ತ ಐದು ಸುತ್ತು ಓಡಿಸಿದ್ದೆ. ಕಬಡ್ಡಿ ಎಂದರೆ ಪ್ರಾಣ ಬಿಡುತ್ತಿದ್ದ ಹುಡುಗ. ಆಮೇಲೆ ಆಟದ ಪೀರಿಯಡ್ ಬಂದರೆ ಹೊಟ್ಟೆನೋವೆಂದು ತರಗತಿಯಲ್ಲೇ ಕೂರುತ್ತಿದ್ದ. ಮನೆಯಲ್ಲಿ ಶೂ ಕೊಡಿಸಿರಲಿಲ್ಲವೆಂದು ನನಗೆ ಗೊತ್ತಾದದ್ದು ವರ್ಷ ಕಳೆದ ಮೇಲೆ. ಬೆಳಿಗ್ಗೆ ಅಂಗೈ ಊರಿ ಎದ್ದ ಹುಡುಗನ ಮುಖದಲ್ಲಿ ನನಗೆ ಕಂಡವನು ಅವನೇ.

ನಾಳೆ ಮುಖ್ಯೋಪಾಧ್ಯಾಯರನ್ನು ಕಾಣಲು ಹೋಗುತ್ತಿದ್ದೇನೆ. ಅದೇ ಶಾಲೆಯ ಪೋಷಕರು ಯಾರಾದರೂ ಜೊತೆಗೆ ಬರುವುದಾದರೆ, ಎಂಟೂವರೆಗೆ ಗೇಟಿನ ಬಳಿ ಇರುತ್ತೇನೆ.