ಮೀನಿಗೆ ಹಾಕಿದ್ದು ಪಾಚಿ ತಿಂತು

ಬೆಂಗಳೂರಲ್ಲಿ ಮೂರನೇ ಮಹಡೀಲಿ ಕೂತು ಅಕ್ವೇರಿಯಮ್ಮಲ್ಲಿ ಸಮುದ್ರ ಸಾಕ್ತೀನಿ ಅಂತ ಹೊರಟವನು ನಾನು. ಲೀಟರ್‌ಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಸಾಲ್ಟ್ ಮಿಕ್ಸ್ ಕಲಸಿ, ಎರಡು ಕ್ಲೌನ್ ಫಿಶ್ ಬಿಟ್ಟು, ನೆಂಟರನ್ನೆಲ್ಲ ಕರೆದು ತೋರಿಸಿದ್ದೂ ಆಯ್ತು. ಎರಡೇ ತಿಂಗಳು, ಕಲ್ಲುಗಳಿಗೆಲ್ಲ ಹಸಿರು ಕೂದಲು ಬಂತು. ಬಲ್ಲವರು ಹೇರ್ ಆಲ್ಗೆ ಅಂದ್ರು, ಅಮ್ಮ ಒಂದೇ ಮಾತಲ್ಲಿ "ಪಾಚಿ ಕಣೋ, ನಮ್ಮನೆ ಕಲ್ಲುತೊಟ್ಟೀಲಿ ಕಟ್ತಿತ್ತಲ್ಲ, ತೆಂಗಿನ ನಾರಲ್ಲಿ ತಿಕ್ಕು" ಅಂದ್ಲು.

ತಿಕ್ಕಿದೆ, ನಾರಲ್ಲಲ್ಲ, ಹಳೇ ಟೂತ್‌ಬ್ರಷ್ಷಲ್ಲಿ. ಬ್ರಷ್ಷಿಗೆ ಸುತ್ಕೊಂಡು ಜಡೆ ಜಡೆಯಾಗಿ ಬರುತ್ತೆ, ಕಿತ್ತಿದ್ದು ನೀರಲ್ಲಿ ತೇಲೋಕೆ ಮುಂಚೆ ಪೈಪಲ್ಲಿ ಬಕೆಟ್ಟಿಗೆ ಎಳೀಬೇಕು, ಇಲ್ಲಾಂದ್ರೆ ಚೂರುಗಳು ಇನ್ನೊಂದು ಕಲ್ಲು ಹಿಡ್ಕೊಂಡು ಅಲ್ಲೂ ಸಂಸಾರ ಹೂಡ್ತವೆ. ವಾರಕ್ಕೆ ಮತ್ತೆ ಅಷ್ಟೇ ಕೂದಲು. ಟೆಸ್ಟ್ ಕಿಟ್ ನೋಡಿದ್ರೆ ಪಾಚಿಗೆ ಊಟವಾಗೋ ಫಾಸ್ಫೇಟು ಸೊನ್ನೆ! ಕೊನೆಗೆ ತಲೆಗೆ ಹೋಯ್ತು, ನಾನು ಅಳೆಯೋಕೆ ಮುಂಚೇನೇ ಪಾಚಿ ಅದನ್ನ ತಿಂದು ಮುಗಿಸಿರುತ್ತೆ, ಊಟ ಆದ್ಮೇಲೆ ಪಾತ್ರೆ ಬಗ್ಗಿ ನೋಡಿದ ಹಾಗೆ.

ಹಾಗಾದ್ರೆ ಬಡಿಸ್ತಿರೋರು ಯಾರು? ಟ್ಯಾಂಕಿಗೆ ಹಾಕ್ತಿದ್ದ ಅಡುಗೆಮನೆ ಪ್ಯೂರಿಫೈಯರ್ ನೀರಿಗೆ, ಕರಗಿರೋದನ್ನ ಅಳೆಯೋ ಟಿಡಿಎಸ್ ಮೀಟರ್ ಅದ್ದಿದೆ, 70 ತೋರಿಸ್ತು, ಟ್ಯಾಂಕಿಗೆ ಬೇಕಾದ್ದು ಸೊನ್ನೆ. ಫ್ರೀಜರ್ ಸಿಗಡಿ ಕರಗಿದ ನೀರನ್ನೂ ಚೆಲ್ಲದೆ ಸುರೀತಿದ್ದೆ, ಅದ್ರಲ್ಲೂ ಫಾಸ್ಫೇಟು. ಇವೆರಡೂ ಸರಿ ಮಾಡಿ, ಲೈಟು ಹನ್ನೆರಡು ಗಂಟೆಯಿಂದ ಏಳಕ್ಕೆ ಇಳಿಸಿದ್ರೂ ಪೂರ್ತಿ ಬಗ್ಗಲಿಲ್ಲ. ಒಂದಿನ ಆಫೀಸಿಂದ ಬೇಗ ಬಂದೆ, ಅಮ್ಮ ಮೀನಿನ ಊಟದ ಡಬ್ಬಿ ಹಿಡ್ಕೊಂಡು ಟ್ಯಾಂಕ್ ಮುಂದೆ. "ಪಾಪ, ಬಾಯಿ ಬಾಯಿ ಬಿಡ್ತಿವೆ ನೋಡು." ಅಮ್ಮಾ, ಅವು ಉಸಿರಾಡ್ತಿರೋದು!

ಆಮೇಲೆ ಬಂತು ಬಬಲ್ ಆಲ್ಗೆ. ಬಟಾಣಿ ಗಾತ್ರ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ, ಇಡೀ ಗುಳ್ಳೆ ಒಂದೇ ಒಂದು ಜೀವಕೋಶ. ಒಡೀಬೇಡ, ಒಡೆದ್ರೆ ಬೀಜ ಹರಡುತ್ತೆ ಅಂತಾರೆ, ಅದು ಎಷ್ಟು ನಿಜವೋ ಜಗಳ ಇದ್ದೇ ಇದೆ, ನಾನಂತೂ ಉಗುರಲ್ಲಿ ಬುಡ ಸಮೇತ ಎಬ್ಬಿಸೋಕೆ ಹೋಗಿ ಒಡೆದೆ.

ಕಿತ್ತಿದ್ದನ್ನ ಚರಂಡಿಗೋ ಕೆರೆಗೋ ಮಾತ್ರ ಹಾಕಲ್ಲ. ಅಕ್ವೇರಿಯಮ್ಮಿನ ಕಾಲರ್ಪಾ ಅನ್ನೋ ಪಾಚಿ 1984ರಲ್ಲಿ ಮೊನಾಕೋದ ಸಮುದ್ರ ಮ್ಯೂಸಿಯಮ್ಮಿನ ಬುಡದಲ್ಲೇ ಒಂದು ಚಾಪೆಯಷ್ಟು ಜಾಗದಲ್ಲಿ ಕಾಣಿಸ್ಕೊಂಡು ಮೆಡಿಟರೇನಿಯನ್ ಸಮುದ್ರದ ಎಷ್ಟೋ ಕಡೆ ಹಬ್ಬಿತು, 2000ದಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ಹತ್ರ ಸಿಕ್ಕಾಗ ಟಾರ್ಪಾಲ್ ಹೊದಿಸಿ ಒಳಗೆ ಕ್ಲೋರಿನ್ ಬಿಟ್ಟು ಕೊಂದ್ರು, ಪೂರ್ತಿ ಹೋಯ್ತು ಅನ್ನೋಕೆ 2006 ಆಗಬೇಕಾಯ್ತು. ನನ್ನದು ಬಿಸಿಲಲ್ಲಿ ಒಣಗಿ ಕಸದ ಬುಟ್ಟಿಗೆ.

ಈಗ ಪಾಚಿ ಮೇಯೋ ನಾಲ್ಕು ಟರ್ಬೋ ಬಸವನಹುಳು ತಂದಿದೀನಿ. ಕಲ್ಲಿಂದ ಮಗುಚಿ ಬಿದ್ರೆ ಎಷ್ಟೋ ಸಲ ತಾವಾಗಿ ಏಳಲ್ಲ, ಎತ್ತಿ ಕೂರಿಸೋ ಡ್ಯೂಟಿ ಅಮ್ಮಂದು. ಕಲ್ಲು ಬೆಳ್ಳಗಾಗಿದೆ. ನಿನ್ನೆ ಅಮ್ಮ ಗಾಜಿಗೆ ಮೂಗು ಹಚ್ಚಿ ಕೇಳ್ತಾಳೆ, "ಪಾಚಿ ಎಲ್ಲ ಖಾಲಿ ಆಯ್ತಲ್ಲೋ, ಇವಕ್ಕೆ ಒಂಚೂರು ಏನಾದ್ರೂ ಹಾಕ್ಲಾ?"