ಮೆತ್ತಗಿದ್ದದ್ದಕ್ಕೆ ಮರೆತದ್ದಲ್ಲ

ನಿಮ್ಮ ಲೇಖನದಲ್ಲಿ, ಚಿಲ್ಡ್ರನ್ ಆಫ್ ದ ಡೇ ಅನ್ನೋ ಅಮೆರಿಕದ ಕ್ರೈಸ್ತ ಸಂಗೀತ ತಂಡದ 'ಕಮ್ ಟು ದ ವಾಟರ್ಸ್' (1971) ಆಲ್ಬಮ್ ಜನರಿಗೆ ಮರೆತುಹೋಗಲು ಅದರ 'ತೀರಾ ಮೆತ್ತಗಿನ' ಸಂಗೀತವೇ ಕಾರಣ ಅಂತ ಬರೆದಿದ್ದೀರಿ. ಇದನ್ನು ಒಪ್ಪೋದು ಕಷ್ಟ. ಈ ತಂಡ ಹುಟ್ಟಿದ ಕ್ಯಾಲಿಫೋರ್ನಿಯಾದ ಅದೇ ಚರ್ಚಾದ ಕ್ಯಾಲ್ವರಿ ಚಾಪೆಲ್‌ನಿಂದ ಬಂದ ಲವ್ ಸಾಂಗ್ ತಂಡದ 1972ರ ಆಲ್ಬಮ್ ಏನು ಗುಡುಗುತ್ತಿತ್ತಾ? ಅದೂ ಮೆತ್ತಗೇ ಇದೆ. ಆದರೂ ಜೀಸಸ್ ಮ್ಯೂಸಿಕ್ (ಆ ಕಾಲದ ಯುವಜನರ ಕ್ರೈಸ್ತ ಪಾಪ್-ರಾಕ್ ಸಂಗೀತ) ಅಂದ ಕೂಡಲೇ ಎಲ್ಲರೂ ಅದರ ಹೆಸರು ಹೇಳುತ್ತಾರೆ.

ನೀವು ಬಿಟ್ಟ ವಿಷಯ ಬೇರೆ ಇದೆ. ಈ ಆಲ್ಬಮ್ಮಿನ ಜೀವಾಳವೇ 'ಫಾರ್ ದೋಸ್ ಟಿಯರ್ಸ್ ಐ ಡೈಡ್' ಹಾಡು. ತಂಡದ ಗಾಯಕಿ ಮಾರ್ಷಾ ಸ್ಟೀವನ್ಸ್ ಅದನ್ನು ಬರೆದಾಗ ಅವರಿಗೆ ಬರೀ 16 ವರ್ಷ. ಚರ್ಚುಗಳ ಹಾಡಿನ ಪುಸ್ತಕಗಳಿಗೂ ಅದು ಸೇರಿತು. ಮುಂದೆ ಅವರು ತಾನು ಲೆಸ್ಬಿಯನ್ ಅಂತ ಬಹಿರಂಗವಾಗಿ ಹೇಳಿದಾಗ ಕೆಲವರು ಆ ಪುಟವನ್ನೇ ಹರಿದು ಅವರಿಗೆ ಅಂಚೆಯಲ್ಲಿ ಕಳಿಸಿದರು. ಹಾಡು ಅದೇ, ರಾಗ ಅದೇ. ಬರೆದವರ ಬಗ್ಗೆ ಒಂದು ವಿಷಯ ಗೊತ್ತಾಯ್ತು, ಅಷ್ಟೇ. ಇದರಲ್ಲಿ ಸಂಗೀತದ ತಪ್ಪೇನು ಬಂತು?

ಹಾಗಂತ ಆಲ್ಬಮ್ಮಿನಲ್ಲಿ ಎಲ್ಲವೂ ಚಿನ್ನ ಅಂತ ನಾನು ಹೇಳಲ್ಲ. ರೆಕಾರ್ಡಿಂಗ್ ಸಾಧಾರಣ, ಒಂದೆರಡು ಹಾಡು ಸುಮ್ನೆ ಬಂದು ಹೋಗುತ್ತವೆ. ಆದರೆ ಮಾರ್ಷಾ ಮತ್ತು ಅವರ ತಂಗಿ ವೆಂಡಿ ದನಿ ಕೂಡಿಸುವ ಕಡೆ ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಒಂದೇ ಮನೆಯಲ್ಲಿ ಬೆಳೆದ ದನಿಗಳು ಬೆರೆಯುವ ರೀತಿಯೇ ಬೇರೆ. ನಾನಂತೂ ಮೊದಲ ಸಲ ಕೇಳಿದಾಗ ಅದೇ ಜಾಗಕ್ಕೆ ಮೂರು ಸಲ ಹಿಂದೆ ಹೋಗಿದ್ದೆ.