ಕೆತ್ತನೆಯ ಕಳೆಯನ್ನೇ ತೊಳೆದು ಕೊಟ್ಟರು

ಬೆಳ್ಳಿ ಸರದ ಕೊಂಡಿ ಸಡಿಲವಾಗಿತ್ತು. ಬಿಗಿ ಮಾಡಿಕೊಡಿ ಅಂತ ಅಂಗಡಿಗೆ ಕೊಟ್ಟೆ. ಕೇಳಿದ್ದು ಅಷ್ಟೇ. ಕೊಂಡಿ ಬಿಗಿ ಮಾಡಿದರು, ಜೊತೆಗೆ ಯಾರೂ ಕೇಳದ ಉಪಕಾರವನ್ನೂ ಮಾಡಿದರು. ಇಡೀ ಸರವನ್ನು ಪಾಲಿಶ್ ದ್ರಾವಣದಲ್ಲಿ ಅದ್ದಿ ತೆಗೆದಿದ್ದಾರೆ!

ಪದಕದ ತುಂಬ ಬಳ್ಳಿ, ಎಲೆಗಳ ಸಣ್ಣ ಕೆತ್ತನೆ. ಎಲೆಯ ನರಗಳಲ್ಲಿ, ಬಳ್ಳಿಯ ಸಂದಿಯಲ್ಲಿ ಕಪ್ಪು ನಿಂತಿದ್ದಕ್ಕೇ ಒಂದೊಂದು ಎಲೆಯೂ ಎದ್ದು ಕಾಣುತ್ತಿತ್ತು. ಈಗ ಎಲ್ಲಾ ಒಂದೇ ಬಿಳುಪು. ಕಣ್ಣ ಹತ್ತಿರ ಹಿಡಿದರೂ ಎಲೆ ಯಾವುದು, ಬಳ್ಳಿ ಯಾವುದು ಗೊತ್ತಾಗಲ್ಲ. "ಕಪ್ಪಾಗಿತ್ತಲ್ಲ, ಹೊಸದರ ಹಾಗೆ ಮಾಡಿಕೊಟ್ಟಿದ್ದೀವಿ" ಅಂತ ನಗುನಗುತ್ತಾ ಬೇರೆ ಹೇಳಿದರು.

ಸ್ವಾಮಿ, ಅದು ಕೊಳೆ ಅಲ್ಲ. ಬೇಕಂತಲೇ ಗಂಧಕದ ದ್ರಾವಣ ಹಚ್ಚಿ ಕಪ್ಪು ಮಾಡಿ, ಉಬ್ಬಿದ ಜಾಗವನ್ನಷ್ಟೇ ಉಜ್ಜಿ ಬೆಳಗಿರುತ್ತಾರೆ. ಗಾಳಿಯಲ್ಲಿರುವ ಗಂಧಕ ತಾಗಿ ಬೆಳ್ಳಿ ತಾನಾಗಿ ಕಪ್ಪಾದರೂ ಮೇಲೆ ಕೂರುವುದು ಅದೇ ಸಿಲ್ವರ್ ಸಲ್ಫೈಡ್, ಅಂದರೆ ಬೆಳ್ಳಿ, ಗಂಧಕ ಸೇರಿ ಆದ ಕಪ್ಪು. ಅದ್ದುವ ದ್ರಾವಣಕ್ಕೆ ವ್ಯತ್ಯಾಸ ಗೊತ್ತಾಗಲ್ಲ, ಸರಿ. ಅಂಗಡಿಯವರಿಗೂ ಗೊತ್ತಾಗಬಾರದಾ? ಮತ್ತೆ ಕಪ್ಪು ಹಾಕಿಕೊಡಬಹುದಂತೆ, ಅದಕ್ಕೆ ದುಡ್ಡು ಬೇರೆಯಂತೆ. ಕೆಡಿಸುವವರೂ ಇವರೇ, ಬಿಲ್ ಹಾಕುವವರೂ ಇವರೇ!

ಯಾರ ಹತ್ತಿರವಾದರೂ ಹೇಳಿಕೊಂಡರೆ ಇನ್ನೊಂದು ಕಾಟ. "ಅಂಗಡಿಗೆ ಯಾಕೆ ಕೊಟ್ಟೆ, ಬೆಳ್ಳಿಗೆ ಟೂತ್‌ಪೇಸ್ಟ್ ಸಾಕು!" ಅಯ್ಯೋ, 925 ಬೆಳ್ಳಿ ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ತಾಮ್ರ ಸೇರಿದರೂ ಅದು ಮೆತ್ತನೆಯ ಲೋಹವೇ. ಹಲ್ಲಿನ ಕೊಳೆ ತಿಕ್ಕಲೆಂದು ಪೇಸ್ಟ್‌ನಲ್ಲಿ ಗಟ್ಟಿ ಪುಡಿ ಹಾಕಿರುತ್ತಾರೆ. ಅದು ಕಪ್ಪಿನ ಜೊತೆ ಬೆಳ್ಳಿಯನ್ನೂ ಕೆರೆಯುತ್ತದೆ. ಉಜ್ಜಿದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಮೈತುಂಬ ಕೂದಲೆಳೆಯಂಥ ಗೀರು. ಕೆತ್ತನೆ, ಹರಳು ಏನೂ ಇಲ್ಲದ ಬೆಳ್ಳಿಯಾದರೆ ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರು, ಅಡುಗೆ ಸೋಡಾ ಹಾಕಿ ಮುಳುಗಿಸಿಡಿ. ಉಜ್ಜದೇ ಕಪ್ಪು ಬಿಡುತ್ತದೆ. ಆಕ್ಸಿಡೈಸ್ಡ್, ಅಂದರೆ ಹೀಗೆ ಬೇಕಂತಲೇ ಕಪ್ಪು ಮಾಡಿದ ಒಡವೆಗೆ ಮಾತ್ರ ಬೇಡಿ, ನನ್ನ ಪದಕದ ಗತಿಯೇ ಅದಕ್ಕೂ.

ವಜ್ರ ಮಾರುವವರದ್ದೂ ಇದೇ ಕಥೆ. ಉಂಗುರ ಕೊಳ್ಳುವಾಗ ಕ್ಯಾರೆಟ್, ಕಟ್, ಕಲರ್, ಕ್ಲಾರಿಟಿ ಅಂತ ಉದ್ದುದ್ದ ಪಾಠ. ನೋಡಿಕೊಳ್ಳೋದು ಹೇಗೆ ಅಂತ ಕೇಳಿದರೆ "ವಜ್ರಕ್ಕೇನಾಗುತ್ತೆ ಮೇಡಂ!" ಏನಾಗುತ್ತೆ ಅಂದರೆ? ವಜ್ರಕ್ಕೆ ಜಿಡ್ಡು ಸುಲಭವಾಗಿ ಅಂಟುತ್ತದೆ. ಕೈಗೆ ಹಚ್ಚಿದ ಕ್ರೀಮು ಹರಳಿನ ಹಿಂದೆ ಹೋಗಿ ಕೂತರೆ ಹೊಳಪು ಮಂಕು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ದ್ರವ ಸ್ವಲ್ಪ, ಮೆತ್ತನೆ ಬ್ರಷ್ ಇದ್ದರೆ ಸಾಕು. ಅಷ್ಟು ಹೇಳೋಕೆ ಬಾಯಿ ನೋಯುತ್ತಾ? ವಜ್ರ ಗಟ್ಟಿ ನಿಜ, ಆದರೆ ಪೆಟ್ಟು ಬೀಳಬಾರದ ಕಡೆ ಬಿದ್ದರೆ ಚಕ್ಕೆ ಏಳುತ್ತದೆ. ಒಂದೇ ಡಬ್ಬಿಯಲ್ಲಿ ಹಾಕಿಟ್ಟರೆ ಪಕ್ಕದ ವಜ್ರವನ್ನೂ ಗೀರುತ್ತದೆ. ಬೆಳ್ಳಿಯನ್ನಂತೂ ಕೇಳಲೇಬೇಡಿ.

ವೆಲ್ವೆಟ್ ಡಬ್ಬಿ, ರಿಬ್ಬನ್ನು, ದೊಡ್ಡ ಚೀಲ, ಎಲ್ಲಾ ಕೊಡುತ್ತಾರೆ. ಇಷ್ಟು ಬರೆದ ಒಂದು ಚೀಟಿ ಒಳಗೆ ಇಡೋಕೆ ಇವರಿಗೆ ಏನು ಕಷ್ಟ?